27ನ್ನು ಯಾವುದರಿಂದ ಭಾಗಿಸಬೇಕು?

ಸುರತ್ಕಲ್‌ನಿಂದ ನೀವು ಕೇಳಿದ ಪ್ರಶ್ನೆ ಓದಿದೆ. ಮಗಳು ದ್ವಿತೀಯ ಪಿಯುಸಿ. ಕೋಷ್ಟಕ ಕೊಟ್ಟು ಸಂಭವನೀಯತೆ ಕೇಳುವ ಒಂದು ಲೆಕ್ಕಕ್ಕೆ ಅವಳ ಉತ್ತರ 3/4, ನಿಮ್ಮದು 9/20, ಪುಸ್ತಕದ ಹಿಂದಿನ ಉತ್ತರ 9/13. ಯಾವಾಗ ಯಾವ ಸಂಖ್ಯೆಯಿಂದ ಭಾಗಿಸಬೇಕು ಎಂದು ಕೇಳಿದ್ದೀರಿ. ನಾನು ಉಡುಪಿಯಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ಪ್ರತಿ ವರ್ಷ ಮಕ್ಕಳು ಎಡವುವುದು ಇದೇ ಜಾಗದಲ್ಲಿ. ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಓದುವ ಬೇರೆಯವರಿಗೂ ತಿಳಿಯಲಿ ಎಂದು ನಿಮ್ಮ ಕೋಷ್ಟಕವನ್ನು ಇಲ್ಲಿ ಹಾಕುತ್ತಿದ್ದೇನೆ. ತರಗತಿಯಲ್ಲಿ 60 ಮಕ್ಕಳು.

ಹುಡುಗಿಯರು: ಬಸ್ಸಿನಲ್ಲಿ 27, ಬೇರೆ ರೀತಿ 9, ಒಟ್ಟು 36
ಹುಡುಗರು: ಬಸ್ಸಿನಲ್ಲಿ 12, ಬೇರೆ ರೀತಿ 12, ಒಟ್ಟು 24
ಒಟ್ಟು: ಬಸ್ಸಿನಲ್ಲಿ 39, ಬೇರೆ ರೀತಿ 21, ಎಲ್ಲ ಸೇರಿ 60

ಮೊದಲ ಪ್ರಶ್ನೆ: ಆರಿಸಿದ ವಿದ್ಯಾರ್ಥಿ ಬಸ್ಸಿನಲ್ಲಿ ಬರುವವರು ಎಂದು ಗೊತ್ತಿದೆ. ಆ ವಿದ್ಯಾರ್ಥಿ ಹುಡುಗಿಯಾಗಿರುವ ಸಂಭವನೀಯತೆ ಎಷ್ಟು? ಎರಡನೆಯದು: ಹುಡುಗಿಯಾಗಿರುವುದು, ಬಸ್ಸಿನಲ್ಲಿ ಬರುವುದು, ಈ ಎರಡು ಘಟನೆಗಳು ಸ್ವತಂತ್ರವೇ?

ನಿಮ್ಮ ಮನೆಯ ಎರಡು ಉತ್ತರ, ಪುಸ್ತಕದ ಒಂದು ಉತ್ತರ, ಮೂರನ್ನೂ ಸುಲಭರೂಪಕ್ಕೆ ತರುವ ಮೊದಲು ಹೇಗಿದ್ದವು ನೋಡಿ. 27/36, 27/60, 27/39. ಮೇಲಿನ 27 ಮೂರರಲ್ಲೂ ಒಂದೇ. ಅಂದರೆ ಕೋಷ್ಟಕದಲ್ಲಿ ಬಸ್ಸಿನಲ್ಲಿ ಬರುವ ಹುಡುಗಿಯರ ಸಂಖ್ಯೆ ಇರುವ ಮನೆಯನ್ನು (ಚೌಕವನ್ನು) ಮಗಳೂ ನೀವೂ ಸರಿಯಾಗಿಯೇ ಹುಡುಕಿದ್ದೀರಿ. ಬದಲಾದದ್ದು ಕೆಳಗಿನ ಸಂಖ್ಯೆ ಮಾತ್ರ. ಲೆಕ್ಕವನ್ನು ಯಾರೂ ತಪ್ಪು ಮಾಡಿಲ್ಲ, ಒಬ್ಬೊಬ್ಬರು ಒಂದೊಂದು ಪ್ರಶ್ನೆಗೆ ಉತ್ತರ ಕೊಟ್ಟಿದ್ದೀರಿ ಅಷ್ಟೆ.

ಕೆಲವು ವರ್ಷಗಳ ಹಿಂದೆ ನಾನು ಇದನ್ನು ಸೂತ್ರ ಹಾಕಿ ವಿವರಿಸುತ್ತಿದ್ದಾಗ ಮಲ್ಪೆ ಕಡೆಯ ಒಬ್ಬ ಹುಡುಗಿ ಎದ್ದು ನಿಂತು, "ಮೇಡಂ, ಯಾರ ಪೈಕಿ ಅಂತ ಕೇಳ್ಬೇಕು, ಅಷ್ಟೇ ಅಲ್ವಾ?" ಎಂದಳು. ಅವತ್ತಿನಿಂದ ನಾನು ಪಾಠ ಶುರು ಮಾಡುವುದೇ ಆ ಮಾತಿನಿಂದ. ಕನ್ನಡದಲ್ಲಿ "ಪೈಕಿ" ಎನ್ನುವ ಪದಕ್ಕಿಂತ ಚೆನ್ನಾಗಿ ಛೇದವನ್ನು ತೋರಿಸುವ ಪದ ನನಗಂತೂ ಸಿಕ್ಕಿಲ್ಲ. ಜಾಗದ ಆರ್‌ಟಿಸಿಯಲ್ಲಿ ಸರ್ವೆ ನಂಬರಿನ ಪಕ್ಕ "ಪೈಕಿ" ಎಂದು ಬರೆದಿರುವುದನ್ನು ನೋಡಿರುತ್ತೀರಿ. ಆ ಇಡೀ ನಂಬರಿನ ಒಳಗೆ ಇದೊಂದು ಪಾಲು ಎಂದು ಅದರ ಅರ್ಥ. ಇಲ್ಲಿಯೂ ಹಾಗೆಯೇ. "ಪೈಕಿ"ಯ ಹಿಂದೆ ಯಾರಿದ್ದಾರೋ ಅವರ ಒಟ್ಟು ಸಂಖ್ಯೆ ಛೇದಕ್ಕೆ ಹೋಗುತ್ತದೆ.

ಎಲ್ಲ 60 ಮಕ್ಕಳ ಪೈಕಿ, ಬಸ್ಸಿನಲ್ಲಿ ಬರುವ ಹುಡುಗಿಯರು: 27/60, ಅಂದರೆ 9/20. ಇದು ನಿಮ್ಮ ಉತ್ತರ.
ಹುಡುಗಿಯರ ಪೈಕಿ, ಬಸ್ಸಿನಲ್ಲಿ ಬರುವವರು: 27/36, ಅಂದರೆ 3/4. ಇದು ಮಗಳ ಉತ್ತರ.
ಬಸ್ಸಿನಲ್ಲಿ ಬರುವವರ ಪೈಕಿ, ಹುಡುಗಿಯರು: 27/39, ಅಂದರೆ 9/13. ಪುಸ್ತಕ ಕೇಳಿದ್ದು ಇದನ್ನು.

"ಬಸ್ಸಿನಲ್ಲಿ ಬರುವವರು ಎಂದು ಗೊತ್ತಿದೆ" ಎಂದು ಹೇಳಿದ ಕೂಡಲೇ ಉಳಿದ 21 ಮಕ್ಕಳು ಲೆಕ್ಕದಿಂದ ಹೊರಗೆ ಹೋದರು. ಮಗಳಿಗೆ ಇದನ್ನು ಕೈಯಾರೆ ಮಾಡಿಸಿ. ಒಂದು ಕಾಗದ ತೆಗೆದುಕೊಂಡು "ಬೇರೆ ರೀತಿ" ಮತ್ತು "ಒಟ್ಟು" ಎಂಬ ಎರಡು ಕಂಬಸಾಲುಗಳನ್ನು ಮುಚ್ಚಲಿ. ಕಣ್ಣಿಗೆ ಕಾಣುವುದು 27, 12, 39 ಮಾತ್ರ. ಇನ್ನು 36ರಿಂದಲೋ 60ರಿಂದಲೋ ಭಾಗಿಸಲು ಮನಸ್ಸೇ ಬರುವುದಿಲ್ಲ, ಯಾಕೆಂದರೆ ಅವು ಕಾಗದದ ಅಡಿಯಲ್ಲಿವೆ. ಷರತ್ತುಬದ್ಧ ಸಂಭವನೀಯತೆ ಎಂದು ದೊಡ್ಡ ಹೆಸರಿದ್ದರೂ ಕೆಲಸ ಇಷ್ಟೇ: ಷರತ್ತಿಗೆ ಸೇರದವರನ್ನು ಮುಚ್ಚಿ, ಉಳಿದವರ ಒಳಗೆ ಎಣಿಸುವುದು.

ಪುಸ್ತಕದ ಸೂತ್ರವೂ ಇದನ್ನೇ ಹೇಳುತ್ತದೆ. ಪಿ(ಎ|ಬಿ) = ಪಿ(ಎ ಮತ್ತು ಬಿ) ÷ ಪಿ(ಬಿ). ಪಿ ಎಂದರೆ ಸಂಭವನೀಯತೆ, ಗೆರೆಯ ಬಲಕ್ಕಿರುವುದು ಷರತ್ತು; ಇಲ್ಲಿ ಎ ಎಂದರೆ ಹುಡುಗಿ, ಬಿ ಎಂದರೆ ಬಸ್ಸು. ನಮ್ಮ ಸಂಖ್ಯೆ ಹಾಕಿದರೆ (27/60) ÷ (39/60). ಎರಡು ಕಡೆಯ 60 ಹೊಡೆದು ಹೋಗಿ 27/39 ಉಳಿಯುತ್ತದೆ. ಪರೀಕ್ಷೆಯಲ್ಲಿ ಸೂತ್ರ ಬರೆದೇ ಮಾಡಲಿ. ಆದರೆ ಆ 60 ಯಾಕೆ ಹೋಯಿತು ಎನ್ನುವುದು ಅವಳಿಗೆ ಗೊತ್ತಿರಲಿ.

ಇನ್ನು, ನಿಮ್ಮ ಮಗಳು 3/4 ಬರೆದದ್ದು ಯಾಕೆ ಎಂದು ನನಗನಿಸುವುದನ್ನು ಹೇಳುತ್ತೇನೆ. ಕನ್ನಡದಲ್ಲಿ ಷರತ್ತು ಮೊದಲು ಬರುತ್ತದೆ. ನಮ್ಮಲ್ಲಿ ಆಟಿ ತಿಂಗಳಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತು, "ಮಳೆ ಬಂದ್ರೆ ಕರೆಂಟ್ ಹೋಗ್ತದೆ." ಮಳೆ ಮೊದಲು, ಕರೆಂಟ್ ಆಮೇಲೆ. ಆದರೆ ಪಿ(ಎ|ಬಿ) ಎಂದು ಬರೆಯುವಾಗ ಷರತ್ತು ಗೆರೆಯ ಬಲಕ್ಕೆ ಹೋಗುತ್ತದೆ. ಇಂಗ್ಲಿಷಿನಲ್ಲಿ "ಎ ಗಿವನ್ ಬಿ" ಎಂದು ಎಡದಿಂದ ಓದಿದರೆ ಸರಿಯಾಗುತ್ತದೆ. ಕನ್ನಡದಲ್ಲಿ ಯೋಚಿಸುವ ಮಗು ಎಡದಿಂದ ಓದಿದರೆ "ಎ ಆದಾಗ ಬಿ" ಎಂದು ಉಲ್ಟಾ ಆಗುತ್ತದೆ. ಆದ್ದರಿಂದ ನಾನು ಬಲದಿಂದ ಓದಿಸುತ್ತೇನೆ: "ಬಿ ಆದವರ ಪೈಕಿ ಎ." ಮಗಳು ಪಿ(ಹುಡುಗಿ|ಬಸ್ಸು) ಎಂಬುದನ್ನು "ಬಸ್ಸಿನವರ ಪೈಕಿ ಹುಡುಗಿ" ಎಂದು ಗಟ್ಟಿಯಾಗಿ ಓದಲಿ. ಎರಡು ದಿನದಲ್ಲಿ ರೂಢಿಯಾಗುತ್ತದೆ.

ಬರೀ ಹುಡುಗಿಯಾಗಿರುವ ಸಂಭವನೀಯತೆ, ಬರೀ ಬಸ್ಸಿನ ಸಂಭವನೀಯತೆ ಸುಲಭ. ಅಂಚಿನ ಒಟ್ಟನ್ನು ತೆಗೆದುಕೊಂಡು 60ರಿಂದ ಭಾಗಿಸಿದರಾಯಿತು, 36/60 ಮತ್ತು 39/60. "ಹುಡುಗಿ ಅಥವಾ ಬಸ್ಸು" ಎಂದು ಕೇಳಿದರೆ ಮಾತ್ರ ಜಾಗ್ರತೆ. 36ಕ್ಕೆ 39 ಸೇರಿಸಿದರೆ 75 ಆಗುತ್ತದೆ, ತರಗತಿಯಲ್ಲಿ ಇರುವುದೇ 60 ಮಕ್ಕಳು! ಬಸ್ಸಿನಲ್ಲಿ ಬರುವ 27 ಹುಡುಗಿಯರನ್ನು ಎರಡು ಸಲ ಎಣಿಸಿದ್ದೇವೆ. ಒಂದು ಸಲ ಕಳೆಯಿರಿ, 48. ಉತ್ತರ 48/60.

ತುಂಬ ಮಕ್ಕಳು ಮಾಡುವ ಇನ್ನೊಂದು ತಪ್ಪು ಇದೆ. ಹುಡುಗಿಯರ ಪೈಕಿ ಬಸ್ಸಿನವರು 0.75 ಎಂದು ಗೊತ್ತಾದ ಮೇಲೆ, 1ರಿಂದ ಕಳೆದು, ಹುಡುಗರ ಪೈಕಿ ಬಸ್ಸಿನವರು 0.25 ಎಂದು ಬರೆದುಬಿಡುತ್ತಾರೆ. ಕೋಷ್ಟಕ ನೋಡಿ, ಅದು 12/24, ಅಂದರೆ 0.5. ಎರಡನ್ನೂ ಕೂಡಿಸಿದರೆ 1.25 ಆಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಯಾಕೆಂದರೆ ಅವು ಎರಡು ಬೇರೆ ಗುಂಪಿನ ಲೆಕ್ಕ. ಕೂಡಿದರೆ 1 ಆಗಬೇಕಾದದ್ದು ಒಂದೇ ಗುಂಪಿನ ಒಳಗಿನ ಪಾಲುಗಳು: ಹುಡುಗಿಯರ ಪೈಕಿ ಬಸ್ಸಿನವರು 0.75, ಹುಡುಗಿಯರ ಪೈಕಿ ಬೇರೆ ರೀತಿ ಬರುವವರು 0.25.

ಅಡ್ಡಸಾಲಿನಿಂದ ಭಾಗಿಸಿದರೇನು, ಕಂಬಸಾಲಿನಿಂದ ಭಾಗಿಸಿದರೇನು, ಅಷ್ಟೊಂದು ವ್ಯತ್ಯಾಸ ಆಗುತ್ತದಾ ಎಂದು ಮಗಳು ಕೇಳಿದರೆ ಟೈಟಾನಿಕ್ ಹಡಗಿನ ಲೆಕ್ಕ ತೋರಿಸಿ. 1912ರ ಏಪ್ರಿಲ್‌ನಲ್ಲಿ ಮುಳುಗಿದ ಹಡಗು. ಬ್ರಿಟಿಷ್ ಬೋರ್ಡ್ ಆಫ್ ಟ್ರೇಡ್ ಸಂಗ್ರಹಿಸಿದ ಅಂಕಿಗಳು ಇಂದಿಗೂ ಸಂಖ್ಯಾಶಾಸ್ತ್ರದ ಪಾಠಗಳಲ್ಲಿ ಬರುತ್ತವೆ. ಅದರಂತೆ ಹಡಗಿನಲ್ಲಿದ್ದವರು 2201, ಬದುಕಿದವರು 711. ಮೊದಲ ದರ್ಜೆಯ 325 ಜನರಲ್ಲಿ 203 ಮಂದಿ ಬದುಕಿದರು. ಎರಡನೇ ದರ್ಜೆಯ 285ರಲ್ಲಿ 118, ಮೂರನೇ ದರ್ಜೆಯ 706ರಲ್ಲಿ 178, ಹಡಗಿನ ಸಿಬ್ಬಂದಿ 885ರಲ್ಲಿ 212.

ಬದುಕಿದ 711 ಜನರ ಪೈಕಿ ಯಾವ ಗುಂಪಿನವರು ಜಾಸ್ತಿ? ಸಿಬ್ಬಂದಿ! 212/711, ಸುಮಾರು 0.30. ಮೊದಲ ದರ್ಜೆಯವರು 203/711, ಸುಮಾರು 0.29. ಇಷ್ಟನ್ನೇ ನೋಡಿದವರು ಹಡಗಿನ ಕೆಲಸದವರೇ ಹೆಚ್ಚು ಪಾರಾದರು ಎಂದು ತಿಳಿಯುತ್ತಾರೆ. ಈಗ "ಪೈಕಿ" ಬದಲಿಸಿ. ಸಿಬ್ಬಂದಿಯ ಪೈಕಿ ಬದುಕಿದವರು 212/885, ಸುಮಾರು 0.24. ಮೊದಲ ದರ್ಜೆಯವರ ಪೈಕಿ ಬದುಕಿದವರು 203/325, ಸುಮಾರು 0.62. ಸಿಬ್ಬಂದಿಯಲ್ಲಿ ನಾಲ್ವರಲ್ಲಿ ಮೂವರು ಸತ್ತರು. ಹಡಗಿನಲ್ಲಿ ಅವರ ಸಂಖ್ಯೆಯೇ ಜಾಸ್ತಿ ಇದ್ದದ್ದರಿಂದ ಬದುಕಿದವರ ಸಾಲಿನಲ್ಲಿಯೂ ಜಾಸ್ತಿ ಕಂಡರು. ಈ ಲೆಕ್ಕ ಮಾಡಿಸಿದ ದಿನ ತರಗತಿ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಛೇದ ತಪ್ಪಿದರೆ ಒಂದು ಅಂಕ ಹೋಗುವುದಷ್ಟೇ ಅಲ್ಲ, ಆ ಜನರ ಕಥೆಯೇ ತಲೆಕೆಳಗಾಗುತ್ತದೆ ಎಂದು ಅವರಿಗೆ ಹೊಳೆಯುವುದು ಆಗ.

ನಿಮ್ಮ ಎರಡನೇ ಪ್ರಶ್ನೆ, ಸ್ವತಂತ್ರವೇ ಎಂಬುದು. ಒಂದು ಘಟನೆ ಆಗಿದೆ ಎಂದು ಗೊತ್ತಾದರೂ ಇನ್ನೊಂದರ ಸಂಭವನೀಯತೆ ಬದಲಾಗದಿದ್ದರೆ ಅವು ಸ್ವತಂತ್ರ. ಇದಕ್ಕೆ ಎರಡು ಸಂಖ್ಯೆ ಹೋಲಿಸಿದರೆ ಸಾಕು. ಇಡೀ ತರಗತಿಯ ಪೈಕಿ ಹುಡುಗಿಯರು 36/60, ಅಂದರೆ 0.6. ಬಸ್ಸಿನವರ ಪೈಕಿ ಹುಡುಗಿಯರು 9/13, ಸುಮಾರು 0.69. ಬಸ್ಸಿನಲ್ಲಿ ಬರುವವರು ಎಂದು ತಿಳಿದ ಮೇಲೆ ಹುಡುಗಿಯಾಗಿರುವ ಸಂಭವನೀಯತೆ ಬದಲಾಯಿತು. ಆದ್ದರಿಂದ ಸ್ವತಂತ್ರ ಅಲ್ಲ. ಸ್ವತಂತ್ರ ಆಗಿದ್ದರೆ ಬಸ್ಸಿನ 39 ಜನರಲ್ಲೂ ಅದೇ 0.6 ಪಾಲು, ಅಂದರೆ 23.4 ಹುಡುಗಿಯರು ಇರಬೇಕಿತ್ತು. ಮಕ್ಕಳನ್ನು ದಶಾಂಶದಲ್ಲಿ ಎಣಿಸಲು ಆಗುವುದಿಲ್ಲ. ಹಾಗಾಗಿ ಈ ಒಟ್ಟುಗಳಿರುವ ತರಗತಿಯಲ್ಲಿ ಒಳಗಿನ ನಾಲ್ಕು ಮನೆಗಳನ್ನು ಹೇಗೆ ತುಂಬಿದರೂ ಸ್ವತಂತ್ರ ಆಗುವುದಿಲ್ಲ. ಬಸ್ಸಿನವರು 39ರ ಬದಲು 40 ಇದ್ದರೆ? ಆಗ ಸ್ವತಂತ್ರ ಆಗಲು ನಾಲ್ಕು ಮನೆಗಳಲ್ಲಿ ಯಾವ ಸಂಖ್ಯೆ ಬರಬೇಕು ಎಂದು ಮಗಳಿಂದಲೇ ಮಾಡಿಸಿ, ಉತ್ತರವನ್ನು ಇಲ್ಲಿ ಕೆಳಗೆ ಬರೆಯಿರಿ. ನಾನು ನೋಡಿ ಹೇಳುತ್ತೇನೆ.