ಆನ್‌ಲೈನ್ ಮಾರಾಟ ತಾಣದಲ್ಲಿ ಡಿಸ್ಕೌಂಟ್ ಹಾಕಿದರೂ ಹಳೇ ಬೆಲೆಗೆ ಗೀಟು ಬೀಳುತ್ತಿಲ್ಲ, ಯಾಕೆ?

100 ಇದ್ದ ಬೆಲೆಯನ್ನು 125ಕ್ಕೆ ಏರಿಸಿ ಮರುದಿನವೇ ಶೇ 20 ಡಿಸ್ಕೌಂಟ್ ಹಾಕಿದರೆ ಗಿರಾಕಿಗೆ ಸಿಗುವುದು ಅದೇ 100. ತಾಣದ ಸಿಸ್ಟಂ ಹಿಡಿಯುವುದು ಇದನ್ನೇ. ಅದು ನೀವು ಬರೆದ ಎಂಆರ್‌ಪಿ ನಂಬುವುದಿಲ್ಲ, ಈಚೆಗೆ ನಿಜಕ್ಕೂ ಮಾರಿದ ಬೆಲೆ ನೋಡುತ್ತದೆ. ಐರೋಪ್ಯ ಒಕ್ಕೂಟದಲ್ಲಂತೂ 2022ರ ಮೇ 28ರಿಂದ, ಹಿಂದಿನ 30 ದಿನಗಳ ಅತಿ ಕಡಿಮೆ ಬೆಲೆಗೇ ಹೋಲಿಸಬೇಕು.

ಸಣ್ಣ ವ್ಯಾಪಾರಿಗೆ ಪೆಟ್ಟು ಬೀಳುವುದು ಇಲ್ಲೇ: ಉಳಿದ ಸ್ಟಾಕ್ ಖಾಲಿ ಮಾಡಲು ಒಂದೇ ದಿನ 70ಕ್ಕೆ ಇಳಿಸಿದ್ದರೂ ಸಾಕು, ಆಮೇಲೆ ತಿಂಗಳಿಡೀ 80ರ ಆಫರ್ ಆಫರೇ ಅಲ್ಲ. ಹಾಗಾಗಿ ಎರಡು ಸೇಲ್ ನಡುವೆ 30 ದಿನ ದಾಟಲಿ.

ಹಳೇ ಕೂಪನ್ ಇನ್ನೂ ಓಡುತ್ತಿದ್ದರೆ ಮೊದಲು ನಿಲ್ಲಿಸಿ. ಶೇ 20ರ ಮೇಲೆ ಶೇ 10 ಕೂಡಿಕೊಂಡರೆ 100ರ ಮಾಲು 72ಕ್ಕೆ ಹೋಗುತ್ತದೆ.