ನಿಮ್ಮ ಮೊಣಕಾಲಿನ ಎಂಆರ್‌ಐ, ನಿಮ್ಮ ಪುಸ್ತಕದ ಮುಖಪುಟ: ಕಾಪಿರೈಟ್ ಯಾರದು?

ನಿಮ್ಮ ಮೊಣಕಾಲಿನ ಎಂಆರ್‌ಐ ಚಿತ್ರವನ್ನು ನಿಮ್ಮ ಪುಸ್ತಕದ ಮುಖಪುಟಕ್ಕೆ ಹಾಕಬೇಕು ಅಂತಿದ್ದೀರಿ, ಸ್ಕ್ಯಾನ್ ಸೆಂಟರ್‌ನವರು ‘ಕಾಪಿರೈಟ್ ನಮ್ಮದು’ ಅಂತ ಬೇಡ ಅಂದಿದ್ದಾರೆ. ಅವರು ದಾಖಲೆ, ಕಾಪಿರೈಟ್ ಎರಡನ್ನೂ ಕಲಸಿಬಿಟ್ಟಿದ್ದಾರೆ. ದಾಖಲೆ ಕಾಪಾಡುವ ಹೊಣೆ ಅವರದು, ನಿಜ. ಅಷ್ಟಕ್ಕೇ ‘ಕಾಪಿರೈಟ್ ನಮ್ಮದು, ಮುಖಪುಟಕ್ಕೆ ಹಾಕಬೇಡಿ’ ಅನ್ನಲು ಬರುವುದಿಲ್ಲ. ಹಾಗಂತ ನಿಮ್ಮ ಕಾಲು ಅಂದಮಾತ್ರಕ್ಕೆ ಕಾಪಿರೈಟ್ ನಿಮ್ಮದೂ ಆಗುವುದಿಲ್ಲ!

ಇದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಎಕ್ಸ್‌ರೇ, ಎಂಆರ್‌ಐ ಯಂತ್ರದ ಕೆಲಸ, ಅದರಲ್ಲಿ ಮನುಷ್ಯನ ಸೃಷ್ಟಿ ಇಲ್ಲ ಎಂದು ಅಮೆರಿಕದ ಕಾಪಿರೈಟ್ ಕಚೇರಿ ಅವನ್ನು ನೋಂದಾಯಿಸುವುದಿಲ್ಲ. ಜರ್ಮನಿಯಲ್ಲಿ ಮಾಮೂಲಿ ಫೋಟೊಗೂ 50 ವರ್ಷದ ರಕ್ಷಣೆ ಇದೆ. ಹಾಗಾಗಿ ನಿಮ್ಮಲ್ಲಿನ ಕಾನೂನು ಮೊದಲು ನೋಡಿ.

ಆಮೇಲೆ ಸ್ಕ್ಯಾನ್ ಸೆಂಟರ್‌ನಲ್ಲಿ ನಿಮ್ಮ ವೈದ್ಯಕೀಯ ದಾಖಲೆ ಅಂತಲೇ ಡೈಕಾಮ್ ಫೈಲಿನ (ಸ್ಕ್ಯಾನ್ ಚಿತ್ರಗಳನ್ನು ಉಳಿಸುವ ಮೂಲ ಫೈಲ್) ಪ್ರತಿ ಕೇಳಿ. ಕಾಪಿರೈಟ್ ಮಾತು ಅಲ್ಲಿ ಎತ್ತಬೇಡಿ, ಸುಮ್ನೆ ಗೊಂದಲ. ಪ್ರತಿ ಕೈಗೆ ಬಂದ ಮೇಲೆ ಮುಖಪುಟಕ್ಕೆ ಬಳಸುತ್ತೇನೆ ಅಂತ ಅವರಿಗೇ ಒಂದು ಇಮೇಲ್ ಹಾಕಿ, ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಎರಡು ಸಾಲು ಸಾಕು. ಪ್ರಕಾಶಕರು ಕೇಳುವುದೂ ಅದನ್ನೇ.

ಚಿತ್ರದ ಮೂಲೆಯಲ್ಲಿ ಸಣ್ಣ ಬಿಳಿ ಅಕ್ಷರಗಳಲ್ಲಿ ಹೆಸರು, ವಯಸ್ಸು, ಐಡಿ ನಂಬರ್ ಇರುತ್ತದೆ. ಅದನ್ನು ಕತ್ತರಿಸಿ. ಡೈಕಾಮ್ ಫೈಲಿನ ಒಳಗೂ ಇದೇ ವಿವರ ಅಡಗಿರುತ್ತದೆ, ಆದ್ದರಿಂದ ಪಿಎನ್‌ಜಿ (ಮಾಮೂಲಿ ಚಿತ್ರದ ಫೈಲ್) ಮಾಡಿಯೇ ಪ್ರಕಾಶಕರಿಗೆ ಕಳಿಸಿ. ಸ್ಕ್ಯಾನ್ ನೋಡಿ ರೇಡಿಯಾಲಜಿಸ್ಟ್ (ಸ್ಕ್ಯಾನ್ ಪರಿಶೀಲಿಸುವ ವೈದ್ಯರು) ಬರೆದ ರಿಪೋರ್ಟಿನ ಸಾಲುಗಳನ್ನು ಮಾತ್ರ ಕೇಳದೆ ಹಾಕಬೇಡಿ. ಅದು ಒಬ್ಬರ ಬರವಣಿಗೆ, ಅಲ್ಲಿ ಕಾಪಿರೈಟ್ ವಾದಕ್ಕೆ ಜಾಸ್ತಿ ಬಲ ಇದೆ.