ಹಲವು ಶಾಲಾ ಜಿಲ್ಲೆಗಳಲ್ಲಿ ಒಟ್ಟಿಗೇ ಹೊಸ ತಂತ್ರಜ್ಞಾನ ತರುವುದು ಹೇಗೆ?

ಅಮೆರಿಕದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಶಾಲಾ ಜಿಲ್ಲೆಯೆಂದರೆ ನಮ್ಮ ಕಂದಾಯ ಜಿಲ್ಲೆಯಂತಲ್ಲ. ಒಂದೂರಿನದೋ ಕೆಲವು ಊರುಗಳದೋ ಶಾಲೆಗಳನ್ನು ತನ್ನದೇ ಮಂಡಳಿಯಿಂದ ನಡೆಸುವ ಸಂಸ್ಥೆ. ಹಾಗಾಗಿ ಒಬ್ಬೊಬ್ಬರದು ಒಂದೊಂದು ದಾರಿ.

ಮೇಯ್ನ್ ರಾಜ್ಯ ಇದನ್ನು ನಿಭಾಯಿಸಿದ ರೀತಿ ನನಗೆ ತುಂಬಾ ಹಿಡಿಸಿದೆ. ಗವರ್ನರ್ ಆಂಗಸ್ ಕಿಂಗ್ 2000ದಲ್ಲಿ ಶಾಲಾ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡುವ ಯೋಜನೆ ಮುಂದಿಟ್ಟಾಗ ವಿರೋಧ ಜೋರಾಗಿಯೇ ಇತ್ತು. ಮೊದಲು ಕೆಲವೇ ಶಾಲೆಗಳಲ್ಲಿ ಪ್ರಯೋಗ ಮಾಡಿ, 2002ರಲ್ಲಿ ಏಳನೇ ತರಗತಿಯ ಮಕ್ಕಳಿಗೆ, ಮರುವರ್ಷ ಎಂಟನೆಯವರಿಗೂ ಲ್ಯಾಪ್‌ಟಾಪ್ ಕೊಟ್ಟರು. ಖರೀದಿ, ರಿಪೇರಿ, ವೈರ್‌ಲೆಸ್ ಜಾಲ, ಶಿಕ್ಷಕರ ತರಬೇತಿಯ ಭಾರವನ್ನು ರಾಜ್ಯವೇ ಹೊತ್ತಿತು. ಪಾಠ ಹೇಗೆ ಮಾಡಬೇಕೆಂಬುದನ್ನು ಜಿಲ್ಲೆಗಳಿಗೆ ಬಿಟ್ಟಿತು. ಬಡ ಊರಿನ ಮಗುವಿಗೂ ಅದೇ ಯಂತ್ರ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಲಾಸ್ ಏಂಜಲೀಸ್ ಜಿಲ್ಲೆ 2013ರಲ್ಲಿ ಅವಸರಪಟ್ಟಿತು. ಐಪ್ಯಾಡ್ ಹಂಚಿದ ಕೆಲವೇ ದಿನಗಳಲ್ಲಿ ಮಕ್ಕಳು ಅದರ ನಿರ್ಬಂಧಗಳನ್ನು ದಾಟಿದ್ದರು. ಪಠ್ಯ ತಂತ್ರಾಂಶ ಪೂರ್ತಿ ಸಿದ್ಧವಿರಲಿಲ್ಲ, ಯಂತ್ರ ಕಳೆದರೆ ಒಡೆದರೆ ಹೊಣೆ ಯಾರದೆಂಬುದೂ ಸ್ಪಷ್ಟವಿರಲಿಲ್ಲ. 2014ರಲ್ಲಿ ಖರೀದಿಯ ಒಪ್ಪಂದವನ್ನೇ ನಿಲ್ಲಿಸಬೇಕಾಯಿತು.